ಕುಂಕುಮ ಹಚ್ಚಿದ ಶೇರು ಪತ್ರ

ಸಂಕ್ರಾಂತಿ ಮುಗಿದ ನಾಲ್ಕನೆಯ ದಿನ ನಾಗಭೂಷಣ ಮಧ್ಯಾಹ್ನ ಹನ್ನೆರಡೂವರೆಗೇ ಮನೆಗೆ ಬಂದ. ಹರಿಹರದ ಪಕ್ಕ ಗುತ್ತೂರಿನ ಹತ್ತಿರದ ಕಾರ್ಖಾನೆಗೆ ಬೆಳಗ್ಗೆ ಏಳರ ಬಸ್ಸಿಗೆ ಹೋದವನು ಸಂಜೆ ಆರಕ್ಕೆ ಮೊದಲು ಮನೆ ಕಂಡದ್ದು ಹದಿನೆಂಟು ವರ್ಷದಲ್ಲಿ ಎರಡೇ ಸಲ. ಒಮ್ಮೆ ಮಗಳು ಹುಟ್ಟಿದಾಗ, ಇನ್ನೊಮ್ಮೆ ಬೆರಳು ಜಜ್ಜಿಕೊಂಡಾಗ. ಅದಕ್ಕೇ ಕಸ್ತೂರಮ್ಮ ಮೊದಲು ಮಗನ ಕೈ ನೋಡಿದಳು. ಹತ್ತೂ ಬೆರಳು ನೆಟ್ಟಗಿದ್ದವು. ಆಮೇಲೆ ಅವನ ಕೈಯಿಂದ ಊಟದ ಡಬ್ಬಿ ಇಸಿದುಕೊಂಡಳು. ಅದು ಬೆಳಗ್ಗೆ ಕಟ್ಟಿಕೊಟ್ಟಷ್ಟೇ ಭಾರವಿತ್ತು.

“ಯಾಕೋ, ಊಟ ಮಾಡ್ಲಿಲ್ವಾ?”

“ಲೇ-ಆಫ್ ಅವ್ವ. ಹದಿನೈದು ದಿನ ಬರಬ್ಯಾಡ್ರಿ ಅಂದ್ರು.”

“ರಜೆ ಅನ್ನು ಮತ್ತೆ.”

“ರಜೆ ಅಲ್ಲಜ್ಜಿ,” ಎಂದು ಮೊಮ್ಮಗಳು ಪೂಜಾ ಒಳಗಿನಿಂದಲೇ ಕೂಗಿದಳು. ಎರಡನೇ ಪಿಯುಸಿ ಕಾಮರ್ಸ್ ಓದುವ ಹುಡುಗಿ. ಪರೀಕ್ಷೆ ಹತ್ತಿರವಿದ್ದುದರಿಂದ ಮನೆಯಲ್ಲೇ ಇದ್ದಳು. “ಕೆಲಸದಿಂದ ತೆಗೆದಿಲ್ಲ, ಕೆಲಸಾನೂ ಇಲ್ಲ. ಅರ್ಧ ಪಗಾರ. ನಮ್ಮ ಪುಸ್ತಕದಾಗೇ ಐತೆ.”

ಅರ್ಧ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸೊಸೆ ಆಶಾರಾಣಿ ಒಗ್ಗರಣೆಗೆ ಎತ್ತಿದ್ದ ಎಣ್ಣೆಯ ಮಿಳ್ಳೆಯನ್ನು ಕೆಳಗಿಟ್ಟಳು. ಮರುದಿನದಿಂದ ಹಾಲಿನವನಿಗೆ ಒಂದು ಲೀಟರಿನ ಬದಲು ಅರ್ಧ ಲೀಟರು ಸಾಕೆಂದಳು. ಭಾನುವಾರದ ಬೆಣ್ಣೆದೋಸೆ ನಿಂತೇಹೋಯಿತು.

ಆ ಮಧ್ಯಾಹ್ನ ಡಬ್ಬಿಯ ರೊಟ್ಟಿ, ಪುಂಡಿಪಲ್ಯವನ್ನೇ ತಾಟಿಗೆ ಹಾಕಿಕೊಂಡು ನಾಗಭೂಷಣ ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿದ. ಕಾರ್ಖಾನೆ ಬಹಳ ದಿನ ನಡೆಯುವ ಲಕ್ಷಣವಿಲ್ಲ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಜಮಾಲ್ ಸಾಬ್ ಎಂಬ ಹಿರಿಯರದು ಒಂದು ಶೆಡ್ಡು, ಕಬ್ಬಿಣ ಕಡೆಯುವ ಎರಡು ಲೇತ್ ಮಷೀನು. ಅಕ್ಕಿ ಮಿಲ್ಲುಗಳಿಗೆ ಶಾಫ್ಟು, ಪುಲ್ಲಿ ಮಾಡಿಕೊಡುವ ಕೆಲಸ. ಕಣ್ಣು ಮಂಜಾಯಿತೆಂದು ಎಲ್ಲ ಬಿಟ್ಟು ಹುಬ್ಬಳ್ಳಿಯ ಮಗಳ ಮನೆಗೆ ಹೊರಟಿದ್ದಾರೆ. ಒಂದು ಲಕ್ಷ ಇಪ್ಪತ್ತು ಸಾವಿರ ಹೇಳಿದ್ದಾರೆ. ಅರವತ್ತು ಸಾವಿರ ಯುಗಾದಿಯೊಳಗೆ ಕೊಡಬೇಕು, ಉಳಿದದ್ದನ್ನು ದುಡಿದು ತೀರಿಸಿದರಾಯಿತು.

“ಗಿರಾಕಿಗಳ ಸಮೇತ ಬಿಟ್ಟುಕೊಡ್ತಾರಪ್ಪ,” ಎಂದು ಅವನು ತಂದೆಯ ಕಡೆ ನೋಡಿದ. “ಹದಿನಾಲ್ಕು ಮಿಲ್ಲು ಅವರ ಹತ್ರಾನೇ ಬರ್ತಾವೆ.”

“ಅದಕ್ಕೆ ಗುಡ್‌ವಿಲ್ ಅಂತಾರೆ,” ಪೂಜಾ ನಡುವೆ ಬಾಯಿ ಹಾಕಿದಳು. “ಅದಕ್ಕೂ ರೇಟು ಕಟ್ತಾರೆ.”

“ನಮ್ಮ ಅಂಗಡಿ ಮುಚ್ಚಿದಾಗ ಅದನ್ನ ಯಾರೂ ಕೇಳ್ಲಿಲ್ಲ ನೋಡು,” ಎಂದರು ವಾಮದೇವಪ್ಪನವರು. ಮೂವತ್ತೈದು ವರ್ಷ ಬಟ್ಟೆ ಅಂಗಡಿ ನಡೆಸಿದವರು.

ಅರವತ್ತು ಸಾವಿರ ಎಲ್ಲಿಂದ ಎಂದು ಕೇಳಿದವಳು ಆಶಾರಾಣಿ. ಕಸ್ತೂರಮ್ಮನ ಬಳೆಗಳು ಅಂಗಡಿಯ ಸಾಲಕ್ಕೇ ಹೋಗಿದ್ದವು. ಲೇ-ಆಫ್ ಆದವನಿಗೆ ಬ್ಯಾಂಕಿನವರು ಕುರ್ಚಿಯನ್ನೂ ತೋರಿಸುವುದಿಲ್ಲ.

“ಶೇರು ಐತಲ್ಲ,” ಎಂದ ನಾಗಭೂಷಣ. “ನಾನೂರು ಶೇರು. ಮೂರು ವರ್ಷದ ಹಿಂದೆ ಕಂಪನಿಯೋರು ಕೆಲಸಗಾರರಿಗೆ ಅಂತ ನಲವತ್ತರಂಗೆ ಕೊಟ್ಟಿದ್ರು, ಪಗಾರದಾಗೆ ಹಿಡಿದ್ರಲ್ಲ, ಅದು. ಇವತ್ತು ಒಂದಕ್ಕೆ ನೂರಾ ಐವತ್ತೆರಡು. ಲೆಕ್ಕ ಹಾಕ್ರಿ.”

ಪೂಜಾ ಬೆರಳು ಮಡಚುವುದರೊಳಗೆ ಕಸ್ತೂರಮ್ಮ ಬಾಯಲ್ಲೇ ಲೆಕ್ಕ ಹಾಕಿದಳು: ಅರವತ್ತು ಸಾವಿರದ ಎಂಟುನೂರು. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ತನ್ನ ತಾಟಿನ ರೊಟ್ಟಿಯನ್ನೂ ಮಗನಿಗೆ ಹಾಕಿದಳು. ಆ ಪತ್ರವನ್ನು ಮೂರು ವರ್ಷ ಜೋಪಾನ ಮಾಡಿದವಳು ತಾನೇ ಎಂಬ ಹೆಮ್ಮೆಯೂ ಇತ್ತು.

ಜೋಪಾನ ಮಾಡಿದ್ದು ಹೇಗೆ ಎಂಬುದು ಬೀರುವಿನ ಬಾಗಿಲು ತೆಗೆದಾಗ ಗೊತ್ತಾಯಿತು.

ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ದೀಪಾವಳಿಯ ದಿನ ಹೊಸ ಲೆಕ್ಕದ ಪುಸ್ತಕವನ್ನು ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದರು. ಮೊದಲ ಹಾಳೆಗೆ ವಿಭೂತಿ, ಅರಿಶಿನ, ಕುಂಕುಮ ಹಚ್ಚಿ, ನಡುವೆ ದೊಡ್ಡದೊಂದು ಶ್ರೀಕಾರ. ಅದನ್ನು ಮನೆಯ ಹೆಂಗಸೇ ಬರೆಯಬೇಕೆಂಬುದು ವಾಮದೇವಪ್ಪನವರ ತಂದೆಯ ಕಾಲದಿಂದ ಬಂದ ಪದ್ಧತಿ. ಊರಿನ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಪಗಾರದ ಗಿರಾಕಿಗಳು ಬರದೆಹೋದಾಗ ಅಂಗಡಿಗೂ ಬೀಗ ಬಿತ್ತು. ಆ ವರ್ಷದ ದೀಪಾವಳಿಗೆ ಮಣೆಯ ಮೇಲಿಡಲು ಪುಸ್ತಕವೇ ಇರಲಿಲ್ಲ. ಖಾಲಿ ಮಣೆಯ ಮುಂದೆ ಕೂತು ಯಜಮಾನರು ಶಲ್ಯದ ಚುಂಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಲಾಗದೆ ಕಸ್ತೂರಮ್ಮನೇ ಎದ್ದುಹೋಗಿ ಮಗನ ಶೇರು ಪತ್ರ ತಂದಿಟ್ಟಿದ್ದಳು. ಅದೂ ವ್ಯಾಪಾರದ ಕಾಗದವೇ ತಾನೇ? ಮೂರು ದೀಪಾವಳಿ ಹಾಗೇ ನಡೆಯಿತು.

ಈಗ ನಾಗಭೂಷಣ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೇಲೆ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮದ ಶ್ರೀ. ಕೆಳಗೆ ನಂಬರು ಬರೆದ ಜಾಗದಲ್ಲಿ ಒದ್ದೆ ಅರಿಶಿನದ ಐದು ಬೆರಳು.

“ಇದನ್ನ ಯಾರು ತಗೋತಾರವ್ವ?” ಎಂದ ಅವನು.

“ನೀನೇ ಆರತಿ ತಗೊಂಡಿದ್ದೆಯಲ್ಲೋ!”

“ತಗೊಂಡಿದ್ದೆ.” ಅವನು ಪತ್ರವನ್ನು ಮತ್ತೆ ಬೀರುವಿನಲ್ಲಿಟ್ಟ.

ಶನಿವಾರ ಅವನು ಪತ್ರವನ್ನು ಮಂಡಿಪೇಟೆಯ ಬಕ್ಕೇಶನಿಗೆ ತೋರಿಸಿಕೊಂಡು ಬಂದ. ಬಕ್ಕೇಶ ಬೆಂಗಳೂರಿನ ದಲ್ಲಾಳಿಯ ಪರವಾಗಿ ಶೇರು ಕೊಂಡು ಮಾರುವ ಏಜೆಂಟ.

“ಏನಂದ?” ಕಸ್ತೂರಮ್ಮ ಬಾಗಿಲಲ್ಲೇ ಕೇಳಿದಳು.

“ನಂಬರು ಓದಾಕ ಬರ್ತೈತಂತೆ. ಸೋಮವಾರ ಕೊಡು, ಕಳಿಸಿ ನೋಡೋಣ ಅಂದ. ಇಂಥದ್ದನ್ನ ಬ್ಯಾಡ್ ಡೆಲಿವರಿ ಅಂತ ಹೊಳ್ಳಿ ಕಳಿಸೋದೂ ಉಂಟಂತೆ. ಈ ಬಣ್ಣ ಒಂದು ಇಲ್ದಿದ್ರೆ ಚಿಂತೆ ಇರ್ಲಿಲ್ಲ ಅಂದ.”

ಈ ಬಣ್ಣ ಒಂದು ಇಲ್ಲದಿದ್ದರೆ. ಆ ಮಾತು ಕಸ್ತೂರಮ್ಮನ ತಲೆಯಿಂದ ಇಳಿಯಲೇ ಇಲ್ಲ.

ಭಾನುವಾರ ಮಗ, ಸೊಸೆ, ಮೊಮ್ಮಗಳು ಕರೂರಿಗೆ ಶೆಡ್ಡು ನೋಡಲು ಹೋದರು. ಯಜಮಾನರು ಕ್ಷೌರಕ್ಕೆ ಹೋದರು. ಕಸ್ತೂರಮ್ಮ ಬೀರು ತೆಗೆದಳು. ನಲವತ್ತು ವರ್ಷ ಈ ಮನೆಯ ಬಟ್ಟೆಗಳಿಂದ ಅರಿಶಿನದ ಕಲೆ ತೆಗೆದವಳು ಅವಳು. ಸೋಪು ತಗುಲಿದರೆ ಅರಿಶಿನ ಮೊದಲು ಕೆಂಪಾಗುತ್ತದೆ, ಹೆದರಬಾರದು. ಬಿಸಿಲಿಗೆ ಹಾಕಿದರೆ ಹೊರಟುಹೋಗುತ್ತದೆ. ಮದುವೆಯ ಪಂಚೆಗಳನ್ನೇ ಬೆಳ್ಳಗೆ ಮಾಡಿದ ಕೈಗೆ ಒಂದು ಕಾಗದ ಯಾವ ಲೆಕ್ಕ? ಮೆತ್ತನೆಯ ಬಟ್ಟೆಗೆ ಚೂರು ಸೋಪು ಹಚ್ಚಿ, ಹಸುಗೂಸಿನ ಮೈ ಒರೆಸುವಷ್ಟು ನಾಜೂಕಾಗಿ ಒರೆಸಿದಳು. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಹೇರಿ, ಕಾಗೆ ಕಾಯುತ್ತ ಪಕ್ಕದಲ್ಲೇ ಕೂತಳು.

ಒಂದು ಗಂಟೆಯಲ್ಲಿ ಅರಿಶಿನವೇನೋ ಹೋಯಿತು. ಅದರ ಜೊತೆಗೆ ಶಾಯಿಯಲ್ಲಿ ಬರೆದ ನಂಬರೂ ಹೋಯಿತು, ಕಂಪನಿಯವರ ಸಹಿಯೂ ಹೋಯಿತು. ಉಳಿದದ್ದು ಮಸುಕು ನೀಲಿಯ ಒಂದು ಮೋಡ. ಎಲ್ಲರೂ ಬರುವವರೆಗೆ ಕಸ್ತೂರಮ್ಮ ಮಾಳಿಗೆಯಿಂದ ಇಳಿಯಲಿಲ್ಲ.

ಮುಚ್ಚಿಡುವ ಜಾಯಮಾನ ಅವಳದಲ್ಲ. ಶೆಡ್ಡು ನೋಡಿ ನಗುನಗುತ್ತ ಬಂದ ಮಗನ ಕೈಗೆ ತಾನೇ ಪತ್ರ ಕೊಟ್ಟಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು. ಅವನು ನೋಡಿದ, ತಿರುಗಿಸಿ ನೋಡಿದ, ಮಡಚಿ ಜೇಬಿನಲ್ಲಿಟ್ಟುಕೊಂಡು ಕೈಕಾಲು ತೊಳೆಯಲು ಹೋದ. ಬೈದವಳು ಸೊಸೆ.

“ಅಲ್ರೀ ಅತ್ತೀ, ನಾಳೆವರೆಗೆ ಒಂದಿನ ತಡೆಯಾಕ ಆಗ್ಲಿಲ್ವೇನ್ರಿ? ನಿಮ್ಮ ಕೈ ಸುಮ್ನೆ ಕೂಡ್ರಲ್ವಾ?”

“ಸಾಕು ಬಿಡು ಆಶಾ,” ಎಂದರು ವಾಮದೇವಪ್ಪನವರು. “ಒಳ್ಳೇದಾಗ್ಲಿ ಅಂತ ಮಾಡಿದ್ದು.”

“ಒಳ್ಳೇದು ಮಾಡೋರು ಒಂದು ಮಾತು ಕೇಳಿ ಮಾಡ್ಬೇಕ್ರಿ ಮಾವ. ಈ ಶೆಡ್ಡು ಕೈಬಿಟ್ರೆ ನಾವೇನು ತಿನ್ನೋದು? ಶ್ರೀ ತಿನ್ನಾನ?”

ಆ ರಾತ್ರಿಯ ಊಟಕ್ಕೆ ಕಸ್ತೂರಮ್ಮ ತಾಟು ಹಾಕಿಕೊಳ್ಳಲಿಲ್ಲ. ಯಾರೂ ಒತ್ತಾಯ ಮಾಡಲೂ ಇಲ್ಲ.

ಬಕ್ಕೇಶ ಪತ್ರ ನೋಡಿ ಕೈ ಚೆಲ್ಲಿದ. ನಂಬರಿಲ್ಲದ ಕಾಗದ ಮಾರುವಂತಿಲ್ಲ. ಮುಂಬಯಿಯಲ್ಲಿ ಕಂಪನಿಯ ಶೇರು ಲೆಕ್ಕ ಇಡುವ ರಿಜಿಸ್ಟ್ರಾರ್ ಆಫೀಸಿಗೆ ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಹೊಸ ಪತ್ರ ಕೇಳಬೇಕು. ನಾಗಭೂಷಣ ಕಳಿಸಿದ. ಹದಿನೈದು ದಿನದ ಲೇ-ಆಫನ್ನು ಕಂಪನಿಯವರು ಒಂದು ತಿಂಗಳು ಮಾಡಿದರು.

ಕಸ್ತೂರಮ್ಮ ಪಾಠಕ್ಕೆ ಕೂತದ್ದು ಆಗಲೇ. ತಾನು ಹಾಳು ಮಾಡಿದ್ದು ಏನೆಂದಾದರೂ ತನಗೆ ತಿಳಿಯಬೇಕಲ್ಲ? ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈ ತೊಳೆದು, ಪೂಜಾಳ ಪಕ್ಕ ಚಾಪೆ ಹಾಕಿಕೊಳ್ಳುವಳು. ಪೇಪರಿನ ಏಳನೆಯ ಪುಟದಲ್ಲಿ ಶೇರು ಬೆಲೆಯ ಪಟ್ಟಿ, ಇರುವೆ ಸಾಲಿನಂಥ ಅಕ್ಷರ. ಮೇಲಿನಿಂದ ಹದಿನೇಳನೆಯ ಸಾಲು ಮಗನ ಕಂಪನಿಯದು.

“ನೂರಾ ಹತ್ತೊಂಬತ್ತು,” ಎಂದಳು ಮೊದಲ ದಿನ. “ನೂರಾ ಐವತ್ತೆರಡು ಇತ್ತಲ್ಲೇ?”

“ಲೇ-ಆಫ್ ಸುದ್ದಿ ಎಲ್ಲಾ ಕಡೆ ಗೊತ್ತಾಗೈತೆ ಅಜ್ಜಿ. ಎಲ್ಲಾರೂ ಮಾರಾಕ ಹತ್ಯಾರೆ.”

“ಮತ್ತೆ ಪತ್ರದ ಮೇಲೆ ಹತ್ತು ರೂಪಾಯಿ ಅಂತ ಅಚ್ಚು ಹಾಕಿತ್ತು?”

“ಅದು ಮುಖಬೆಲೆ. ಅದು ಯಾವತ್ತೂ ಬದಲಾಗಲ್ಲ. ಇದು ಮಾರುಕಟ್ಟೆ ಬೆಲೆ, ದಿನಾ ಬದಲಾಗ್ತೈತೆ.”

“ಮುಖಬೆಲೆ ಬದಲಾಗಲ್ಲ. ಮಾರುಕಟ್ಟೆ ಬೆಲೆ ಬದಲಾಗ್ತೈತೆ,” ಎಂದು ಕಸ್ತೂರಮ್ಮ ಎರಡು ಸಲ ಹೇಳಿಕೊಂಡಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಡಿವಿಡೆಂಡು, ಬೋನಸ್ ಶೇರು, ಟ್ರಾನ್ಸ್‌ಫರ್ ಫಾರಂ ಎಲ್ಲವನ್ನೂ ವಾರದೊಳಗೆ ಕಲಿತಳು. ಪೂಜಾಳ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದೊಂದೇ ಬರೆದಿಟ್ಟಳು. ಕಲಿತಷ್ಟೂ ತನ್ನ ತಪ್ಪು ಎಷ್ಟು ದೊಡ್ಡದೆಂದು ಚೆನ್ನಾಗಿ ತಿಳಿಯಿತು. ಅದೊಂದೇ ಆ ಪಾಠದಿಂದಾದ ಲಾಭ.

ಹದಿನೇಳನೆಯ ಸಾಲು ಇಳಿಯುತ್ತಲೇ ಹೋಯಿತು. ತೊಂಬತ್ತೇಳು. ಎಂಬತ್ತು. ಅರವತ್ತಮೂರು.

ಫೆಬ್ರವರಿಯ ಎರಡನೆಯ ವಾರ ಮುಂಬಯಿಯಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ಪೂಜಾ ಓದಿ ಹೇಳಿದಳು: ಇಂಡೆಮ್ನಿಟಿ ಬಾಂಡ್ ಬೇಕು. ಹಳೆಯ ಪತ್ರದಿಂದ ಮುಂದೆ ಏನಾದರೂ ತಕರಾರು ಬಂದರೆ ಆ ನಷ್ಟವನ್ನು ತಾನೇ ತುಂಬಿಕೊಡುತ್ತೇನೆಂದು ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡಬೇಕು. ಜೊತೆಗೆ ಹೊರಗಿನವರೊಬ್ಬರ ಜಾಮೀನು.

“ನಷ್ಟ ಆಗಿರೋದು ನಮಗೆ. ನಾವೇ ತುಂಬಿಕೊಡಬೇಕಾ?” ಎಂದರು ವಾಮದೇವಪ್ಪನವರು.

ಜಾಮೀನಿಗೆ ಯಾರು? ಅಂಗಡಿ ಮುಳುಗಿದ ಮೇಲೆ ನೆಂಟರು ಮದುವೆಗೆ ಬರುತ್ತಿದ್ದರು, ಜಾಮೀನಿಗಲ್ಲ. ಕಡೆಗೆ ಸಹಿ ಹಾಕಿದವರು ಜಮಾಲ್ ಸಾಬ್. ಶೆಡ್ಡು ಮಾರುವವರೇ ಕೊಳ್ಳುವವನಿಗೆ ಜಾಮೀನಾಗಿ ಮನೆಗೆ ಬಂದರು. ಕನ್ನಡಕ ಏರಿಸಿ, ಬೆರಳಿಟ್ಟು ಜಾಗ ಹುಡುಕಿ, ನಿಧಾನವಾಗಿ ಹೆಸರು ಬರೆದರು.

“ಹುಡ್ಗನ ಕೈ ಒಳ್ಳೇದಿದೆ ತಾಯಿ,” ಎಂದರು ಕಸ್ತೂರಮ್ಮನಿಗೆ. “ಮಷೀನು ಮುಟ್ಟಿದ್ರೇ ಗೊತ್ತಾಗ್ತದೆ. ನನ್ನ ಮಷೀನು ಇವನ ಕೈಗೇ ಹೋಗ್ಲಿ ಅಂತ ಆಸೆ. ಆದ್ರೆ ಯುಗಾದಿ ದಾಟಿದ್ರೆ ನನ್ನ ಅಳಿಯ ಕೇಳಲ್ಲ. ಇನ್ನೊಬ್ರು ರೊಕ್ಕ ಹಿಡ್ಕೊಂಡು ಕೂತಿದಾರೆ.”

ಕಸ್ತೂರಮ್ಮ ಅರ್ಧ ಲೀಟರಿನ ಹಾಲಿನಲ್ಲೇ ಅವರಿಗೆ ಗಟ್ಟಿ ಚಹಾ ಮಾಡಿಕೊಟ್ಟಳು. ಹೆಪ್ಪು ಹಾಕಲು ಹಾಲು ಉಳಿಯದೆ ಮರುದಿನ ಯಾರಿಗೂ ಮಜ್ಜಿಗೆ ಸಿಗಲಿಲ್ಲ. ಆಶಾರಾಣಿ ಸಾರನ್ನೇ ಇನ್ನೊಂದು ಸೌಟು ಬಡಿಸಿದಳು.

ಬಾಂಡು ಹೋಗಿ ಮೂರು ವಾರವಾದರೂ ಸುದ್ದಿಯಿಲ್ಲ, ಕಾರ್ಖಾನೆಯಿಂದ ಕೆಲಸಕ್ಕೆ ಕರೆಯೂ ಇಲ್ಲ. ಸಾಲು ಮೂವತ್ತಮೂರಕ್ಕೆ ಬಂದು ನಿಂತ ದಿನ ಕಸ್ತೂರಮ್ಮ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಳು.

“ನಾನು ಹರಿಹರಕ್ಕೆ ಬರ್ತೀನಿ. ನಿಮ್ಮ ಸಾಹೇಬ್ರನ್ನ ಕಾಣ್ಬೇಕು.”

“ಅವ್ವ, ಅವರ ಕೈಯಾಗೆ ಏನೂ ಇಲ್ಲ.”

“ಇಲ್ಲ ಅಂತ ಅವರೇ ಹೇಳ್ಲಿ.”

ಕಾರ್ಖಾನೆಯ ಗೇಟಿನಲ್ಲಿ ಒಂದೂವರೆ ತಾಸು ಕಾದರು. ಒಳಗೆ ಮಷೀನಿನ ಸದ್ದೇ ಇರಲಿಲ್ಲ. ಅಧಿಕಾರಿ ಒಳ್ಳೆಯ ಮನುಷ್ಯ. ಕೂಡ್ರಿ ತಾಯಿ ಎಂದು ಕುರ್ಚಿ ಕೊಟ್ಟ. ಕಸ್ತೂರಮ್ಮ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೂ ತಪ್ಪದೆ ಹೇಳಿದಳು. ಸರ್ಟಿಫಿಕೇಟು ಯಾವ ತಾರೀಖಿಗೆ ಹೋಯಿತು, ಇಂಡೆಮ್ನಿಟಿ ಬಾಂಡಿಗೆ ಎಷ್ಟು ರೂಪಾಯಿಯ ಸ್ಟಾಂಪ್ ಪೇಪರು, ಜಾಮೀನು ಯಾರದು, ಇವತ್ತಿನ ಮಾರುಕಟ್ಟೆ ಬೆಲೆ ಎಷ್ಟು.

“ಎಷ್ಟು ತಿಳ್ಕೊಂಡೀರಿ ತಾಯಿ! ನಮ್ಮ ಆಫೀಸಿನವರಿಗೇ ಇಷ್ಟು ಗೊತ್ತಿಲ್ಲ,” ಎಂದು ಅವನು ಬೆರಗಾದ.

“ಹಂಗಾದ್ರೆ ಕೊಡಿಸ್ರಿ ಸಾಹೇಬ್ರೆ.”

“ಅದು ನಮ್ಮ ಕೈಯಲ್ಲಿಲ್ಲ. ಮುಂಬಯಿಯಲ್ಲಿ ಕಮಿಟಿ ಸೇರಿ ಪಾಸ್ ಮಾಡ್ಬೇಕು.”

“ತಪ್ಪು ಮಾಡಿದಾಕಿ ನಾನು. ಹಂಗಂತ ಬರಕೊಡ್ತೀನಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಹುಡುಗನ್ನ ಯಾಕ ಕಾಯಿಸ್ತೀರಿ?”

ಅಧಿಕಾರಿ ಫೈಲು ಮುಚ್ಚಿದ. “ನಿಮ್ಮ ಹೆಸರೇ ಇದರಲ್ಲಿ ಎಲ್ಲೂ ಇಲ್ವಲ್ಲ ತಾಯಿ. ನಿಮ್ಮ ಸಹಿ ತಗೊಂಡು ಏನು ಮಾಡ್ಲಿ?”

ಹೊರಗೆ ಬಂದಾಗ ಕಸ್ತೂರಮ್ಮನಿಗೆ ಅಳುವೂ ಬರಲಿಲ್ಲ. ತಪ್ಪು ಒಪ್ಪಿಕೊಂಡರೆ ಏನಾದರೂ ಆದೀತು ಎಂದು ಇಷ್ಟು ದಿನ ನಂಬಿದ್ದಳು. ಇಲ್ಲಿ ಅದನ್ನು ತೆಗೆದುಕೊಳ್ಳುವವರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಗ ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತೇನೆಂದ. ಹಸಿವಿಲ್ಲ ಎಂದಳು. ಅವನೂ ತಿನ್ನಲಿಲ್ಲ.

ಯುಗಾದಿಯ ಹಿಂದಿನ ದಿನದವರೆಗೂ ಜಮಾಲ್ ಸಾಬ್ ಕಾದರು. ಅಂದು ಸಂಜೆ ಬಂದು, ಒಳಗೆ ಬರದೆ, ಕಟ್ಟೆಯ ಮೇಲೇ ಕೂತು, “ಮಾಫ್ ಮಾಡಪ್ಪ ನಾಗಭೂಷಣ” ಎಂದರು. ಶೆಡ್ಡು, ಮಷೀನು, ಹದಿನಾಲ್ಕು ಮಿಲ್ಲು ಎಲ್ಲ ಬೇರೆಯವರ ಪಾಲಾಗಿತ್ತು. “ಹೊಸಬರಿಗೆ ಹೇಳೀನಿ. ಮಷೀನು ಮೇಲೆ ಇವನನ್ನೇ ಇಟ್ಕೊಳ್ರಿ ಅಂದೀನಿ. ದಿನಕ್ಕೆ ಎಪ್ಪತ್ತು ಕೊಡ್ತಾರಂತೆ.”

“ಹೋಗ್ತೀನ್ರಿ,” ಎಂದು ನಾಗಭೂಷಣ ತಕ್ಷಣ ಒಪ್ಪಿದ. ಬಾಗಿಲ ಹಿಂದೆ ನಿಂತಿದ್ದ ಕಸ್ತೂರಮ್ಮನಿಗೂ ಅದು ಕೇಳಿಸಿತು.

ಯುಗಾದಿಗೆ ಬೇವು ಬೆಲ್ಲ ಹಂಚಿದರು. ಹೋಳಿಗೆ ಮಾಡಲಿಲ್ಲ, ಆಶಾರಾಣಿ ಶಾವಿಗೆ ಪಾಯಸ ಮಾಡಿ ಎಲ್ಲರಿಗೂ ಒಂದೊಂದೇ ಸೌಟು ಬಡಿಸಿದಳು. ಅತ್ತೆಗೆ ಮಾತ್ರ ಎರಡು ಹಾಕಿದಳು. ಕಸ್ತೂರಮ್ಮ ಅದರಲ್ಲಿ ಒಂದನ್ನು ಪೂಜಾಳ ಬಟ್ಟಲಿಗೆ ಸುರಿದಳು.

ಹಬ್ಬ ಮುಗಿದ ನಾಲ್ಕನೆಯ ದಿನ ಪೋಸ್ಟ್‌ಮ್ಯಾನ್ ದಪ್ಪ ಲಕೋಟೆ ತಂದ. ಗುರುತಿನವನಾದ್ದರಿಂದ ವಾಮದೇವಪ್ಪನವರ ಸಹಿ ಪಡೆದು ಕೊಟ್ಟುಹೋದ. ಅವರು ಅದನ್ನು ಒಡೆದು ನೋಡಿ, “ಏ, ಬಂತು ಕಣೇ!” ಎಂದು ಕೂಗಿದರು, ಕೂಗಿದ ಮೇಲೆ ಶೆಡ್ಡು ಕೈಬಿಟ್ಟದ್ದು ನೆನಪಾಗಿ ಲಕೋಟೆಯನ್ನು ಕೆಳಗಿಟ್ಟರು. ಕಸ್ತೂರಮ್ಮ ಕೈ ಎರಡು ಸಲ ತೊಳೆದು, ಸೆರಗಿಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಪತ್ರ ಮುಟ್ಟಿದಳು. ಹಾಲಿನಂತೆ ಬೆಳ್ಳಗಿತ್ತು. ಪೂಜಾ ಕಲಿಸಿದ ಕ್ರಮದಲ್ಲೇ ಒಂದೊಂದಾಗಿ ನೋಡಿದಳು. ನಂಬರು ಇತ್ತು. ಕಂಪನಿಯ ಮೊಹರು, ಎರಡು ಸಹಿ, ಎಲ್ಲ ಇದ್ದವು. ಮುಖಬೆಲೆ ಹತ್ತು ರೂಪಾಯಿ. ಒಂದು ಕಲೆಯಿಲ್ಲ, ಯಾರೂ ಹೊಳ್ಳಿ ಕಳಿಸುವಂತಿಲ್ಲ. ಬೆಳಗ್ಗಿನ ಪೇಪರಿನಲ್ಲಿ ಹದಿನೇಳನೆಯ ಸಾಲಿನ ಬೆಲೆ ಏಳು ರೂಪಾಯಿ ಇತ್ತು. ಆ ಬೆಲೆಗೂ ಕೊಳ್ಳುವವರಿಲ್ಲ ಎಂದು ಬಕ್ಕೇಶ ಹೇಳಿಕಳಿಸಿದ್ದ.

“ದೇವರ ಮುಂದೆ ಇಡಲಾ?” ಎಂದು ಯಜಮಾನರು ಮೆಲ್ಲಗೆ ಕೇಳಿದರು.

“ಬ್ಯಾಡ್ರಿ. ಅವನು ಬರ್ಲಿ.”

ನಾಗಭೂಷಣ ಕರೂರಿನಿಂದ ಬಂದಾಗ ಆರೂಮುಕ್ಕಾಲು. ಅಂಗಿಯ ತುಂಬ ಎಣ್ಣೆ, ಕಬ್ಬಿಣದ ಪುಡಿ. ಜಮಾಲ್ ಸಾಬರ ಲೇತಿನ ಮೇಲೆ ಯಾರದೋ ಕೂಲಿಯಾಗಿ ಅವನ ಮೂರನೆಯ ದಿನ. ತಾಯಿ ಪತ್ರ ಚಾಚಿದಳು. ಅವನು ಮುಟ್ಟಲಿಲ್ಲ, ಕೈ ಹೊಲಸಾಗಿತ್ತು. ಬಗ್ಗಿ ನೋಡಿದ, ಹೆಸರು ಓದಿದ. ತಾಯಿಯ ಮುಖ ನೋಡಿದ.

“ದೀಪಾವಳಿಗೆ ಮಣೆ ಮೇಲೆ ಇಡವ್ವ,” ಎಂದ. “ಅಪ್ಪಗೂ ಸಮಾಧಾನ ಆಗ್ತೈತೆ. ಇನ್ನ ಮ್ಯಾಲೆ ಎಷ್ಟು ಬೇಕಾದ್ರೂ ಹಚ್ಚು, ಏನೂ ಆಗಲ್ಲ.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ತಾಯಿಯನ್ನು ಸಮಾಧಾನ ಮಾಡಲೆಂದೇ ಆಡಿದ ಮಾತದು. ಕೊಂಕಿದ್ದಿದ್ದರೆ ಕಸ್ತೂರಮ್ಮ ಹೇಗಾದರೂ ತಡೆದುಕೊಳ್ಳುತ್ತಿದ್ದಳು. ಅವನ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಇಸಿದುಕೊಂಡಳು. ಅದು ಖಾಲಿಯಿತ್ತು, ಒಂದು ಅಗುಳೂ ಬಿಡದೆ ತಿಂದಿದ್ದ. ಅವಳು ಅದನ್ನು ಹಿಡಿದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಒಮ್ಮೆ ತೊಳೆದ ಡಬ್ಬಿಯನ್ನೇ ಮತ್ತೆ ಮತ್ತೆ ತೊಳೆಯುತ್ತ ಕೂತಳು.